ನಮ್ಮ ಅಂಗಡಿಯದೇ ಟೋಪಿ

ಚಿಗವ್ವನ ಪುಣ್ಯತಿಥಿಯ ದಿನ ಏನೇನು ಕೆಡಬಹುದಿತ್ತು ಅಂದರೆ, ಮೊದಲನೆಯದು ನಳ. ಉದಗೀರದ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಯಾವ ಹೊತ್ತಿಗೆ ಬಿಡುತ್ತಾರೆ ಅನ್ನೋದು ಬಿಡುವವನಿಗೂ ಗೊತ್ತಿರುವುದಿಲ್ಲ. ಅಯ್ಯನವರು ಪಾದಪೂಜೆಗೆ ಕೂತ ಹೊತ್ತಿಗೇ ನಳ ಬಂದು, ಬಂದ ಬೀಗರೆಲ್ಲ ಅಭ್ಯಾಸಬಲದಿಂದ ಕೊಡ ಹಿಡಿದು ಓಡಿದರೆ? ಅಯ್ಯನವರು ಬರುವುದು ಜಳಕೋಟದ ಕಡೆಯಿಂದ, ಅವರ ಸ್ಕೂಟರು ಅವರಿಗಿಂತ ಹಳೆಯದು. ಅದು ದಾರಿಯಲ್ಲೇ ಕೂತುಬಿಟ್ಟರೆ? ಕರೆಂಟು ಹೋಗಿ ಹೂರಣ ರುಬ್ಬುವುದು ಅರ್ಧಕ್ಕೆ ನಿಂತರೆ? ಮಾಳಿಗೆಯ ಮೇಲೆ ಕಟ್ಟಿಸಿದ ಪೆಂಡಾಲು ಗಾಳಿಗೆ ಹಾರಿ ಪಕ್ಕದವರ ಡಿಶ್ ಆಂಟೆನಾಕ್ಕೆ ಸಿಕ್ಕಿಕೊಂಡರೆ? ಅಪ್ಪನ ಫೋಟೋ, ಚಿಗವ್ವನ ಫೋಟೋ ಎರಡನ್ನೂ ಅಕ್ಕಪಕ್ಕ ಹೊಡೆದ ಮೊಳೆಗೆ ಹಾಕಿದ್ದೆ, ಗೋಡೆ ಮಣ್ಣಿನದು. ಹೂವಿನ ಹಾರದ ಭಾರಕ್ಕೆ ಮೊಳೆ ಕಿತ್ತು ಇಬ್ಬರೂ ಕೂಡಿ ನಿಲಂಗಾದ ಅತ್ತಿಯ ತಲೆಯ ಮೇಲೆ ಬಿದ್ದರೆ? ನಾಲ್ಕು ದಿನ ಸತತ ಖಿಚಡಿ ತಿಂದಿದ್ದನ್ನ ಹುಡುಗ ಎಲ್ಲರೆದುರು ಹೇಳಿಬಿಟ್ಟರೆ? ಹುಡುಗಿ ‘ನಾ ಉಮರಗಾಕ್ಕ ಹೋಗ್ತೀನಿ’ ಅಂದುಬಿಟ್ಟರೆ? ‘ಹೋಗಂಗಿಲ್ಲ’ ಅಂದು ಅವರ ಮಾಮಾನಿಗೆ ಸಿಟ್ಟು ತರಿಸಿದರೆ? ಇದೆಲ್ಲ ನಡೆದಿರುವಾಗ ನನಗೆ ನಗು ಬಂದರೆ? ಸಾವಿನ ಮನೆಯಲ್ಲಿ ನಗು ಬರುವ ರೋಗ ನನಗಿದೆ. ಡಾಕ್ಟರಿಗೆ ತೋರಿಸಿಲ್ಲ.

ಇಂಥವು ಒಟ್ಟು ಮೂವತ್ತೊಂದು. ಒಂದು ಶರ್ಟಿನ ಪೆಟ್ಟಿಗೆಯ ರಟ್ಟು ಹರಿದು ಅದರ ಹಿಂದೆ ಬರೆದಿಟ್ಟಿದ್ದೆ. ಬೆಳಗ್ಗೆ ನೋಡಿದರೆ ಕೆಳಗೆ ಹುಡುಗಿಯ ಕೈಬರಹದಲ್ಲಿ ಮೂವತ್ತೆರಡನೆಯದು ಸೇರಿತ್ತು: ‘ಅಣ್ಣಗ ಹುಚ್ಚು ಹಿಡದ್ರ?’

ಈ ಮೂವತ್ತೆರಡರಲ್ಲಿ ಒಂದೂ ಆಗಲಿಲ್ಲ. ಕೊನೆಯದರ ಬಗ್ಗೆ ಮಾತ್ರ ಖಾತ್ರಿಯಾಗಿ ಹೇಳಲಾರೆ. ಕೆಟ್ಟದ್ದು ರಟ್ಟಿನಲ್ಲಿ ಇಲ್ಲದ ಒಂದು ಸಣ್ಣ ಸಂಗತಿ. ಅದಕ್ಕೆ ಬರುವ ಮೊದಲು ನಮ್ಮ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನೋದನ್ನ ಹೇಳಬೇಕು. ನನಗೂ ಅದು ಪೂರ್ತಿ ತಿಳಿದಿಲ್ಲ, ಆದರೂ ಹೇಳುತ್ತೇನೆ.

ನನ್ನ ಅವ್ವ ತೀರಿಕೊಂಡಾಗ ನನಗೆ ಇಪ್ಪತ್ತೈದು. ಅಪ್ಪ ಮೂರು ವರ್ಷ ನನಗೆ ಹೆಣ್ಣು ನೋಡುತ್ತ ತಿರುಗಾಡಿದರು. ನಾನೂ ಜೊತೆಗೆ ಹೋಗುತ್ತಿದ್ದೆ, ಹೋದಲ್ಲೆಲ್ಲ ಏನಾದರೊಂದು ಕೇಳಿ ಕೆಡಿಸಿ ಬರುತ್ತಿದ್ದೆ. ಲೋಹಾರಾದಲ್ಲಿ ಹೆಣ್ಣಿನ ತಂದೆಗೆ, ‘ನಿಮ್ಮ ಮನೆತನದಾಗ ಹಾರ್ಟಿನ ತ್ರಾಸು ಯಾರಿಗರೆ ಅದೇನ್ರಿ?’ ಅಂತ ಕೇಳಿದೆ. ಶಿರೂರ ಅನಂತಪಾಳದಲ್ಲಿ ಹುಡುಗಿ ಚಹಾ ತಂದುಕೊಟ್ಟಾಗ, ಇಷ್ಟು ಬಿಸಿ ಕಪ್ಪು ಹಿಡಿದರೆ ಕೈ ಸುಡುವುದಿಲ್ಲವೇ, ಮುಲಾಮು ಇದೆಯೇ ಅಂತ ವಿಚಾರಿಸಿದೆ. ಕಡೆಗೆ ಅಪ್ಪ ಒಬ್ಬರೇ ಉಮರಗಾಕ್ಕೆ ಹೋದರು. ನನಗೆ ಹೆಣ್ಣು ನೋಡಲು ಹೋದವರು ತಮಗೇ ಒಂದು ನೋಡಿಕೊಂಡು ಬಂದರು ಅಂತ ಬಜಾರಿನಲ್ಲಿ ಇವತ್ತಿಗೂ ಅನ್ನುತ್ತಾರೆ. ಆಕೆ ಗಂಡ ತೀರಿದಾಕೆ, ಮಕ್ಕಳಿರಲಿಲ್ಲ. ಉಡಿಕಿ ಲಗ್ನ ಹತ್ತು ಮಂದಿಯಲ್ಲಿ ಮುಗಿಯಿತು. ನನಗಿಂತ ಆಕೆ ನಾಲ್ಕೇ ವರ್ಷಕ್ಕೆ ದೊಡ್ಡವಳು.

ಏನಂತ ಕರೆಯಬೇಕು? ಲೆಕ್ಕಕ್ಕೆ ಚಿಗವ್ವ. ಬಾಯಿಗೆ ಬರಲಿಲ್ಲ. ಹದಿನೈದು ವರ್ಷ ಒಂದೇ ಮನೆಯಲ್ಲಿದ್ದು ನಾನು ಆಕೆಯನ್ನ ಏನೂ ಅಂತ ಕರೆಯಲಿಲ್ಲ. ‘ಊಟಕ್ಕ ಬರ್ತೀರೇನ್ರಿ?’ ಅಂತ ಆಕೆ ಕೇಳುವಳು, ‘ಹೂಂ ರೀ’ ಅಂತ ನಾನು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮಾತಾಡಿದಂತೆ. ನಮ್ಮ ಬಟ್ಟೆ ಅಂಗಡಿಯ ಅಟ್ಟದ ಮೇಲೆ ಹಾಸಿಗೆ ಹಾಕಿಕೊಂಡೆ, ಮನೆಗೆ ಊಟಕ್ಕೆ ಮಾತ್ರ ಬರುತ್ತಿದ್ದೆ. ಮೊದಲು ಹುಡುಗಿ ಹುಟ್ಟಿತು, ಐದು ವರ್ಷದ ಮೇಲೆ ಹುಡುಗ. ಮೂವತ್ತು ದಾಟಿದ ಮೇಲೆ ನನಗೆ ತಂಗಿ, ತಮ್ಮ! ಗಿರಾಕಿಗಳು ‘ಶೇಟ, ಮಕ್ಕಳು ಭಾಳ ಚಂದ ಅವ’ ಅಂದರೆ ಇವು ನನ್ನ ಮಕ್ಕಳಲ್ಲ ಅನ್ನಬೇಕೋ, ಥ್ಯಾಂಕ್ಸ್ ಅನ್ನಬೇಕೋ ತಿಳಿಯದೆ ಟಾವೆಲ್ ತೋರಿಸುತ್ತಿದ್ದೆ.

ಎರಡು ವರ್ಷದ ಹಿಂದೆ ಅಪ್ಪ ಅಂಗಡಿಯ ಗಾದಿಯ ಮೇಲೆ ಕೂತಲ್ಲೇ ಹೋದರು. ವರ್ಷ ತುಂಬುವುದರೊಳಗೆ ಚಿಗವ್ವನಿಗೆ ಜ್ವರ ಬಂತು. ಐದು ದಿನ ಉದಗೀರದಲ್ಲಿ, ಮೂರು ದಿನ ಲಾತೂರಿನಲ್ಲಿ, ಅಷ್ಟೇ. ಜ್ವರ ಅಂದರೆ ಏನೆಲ್ಲ ಆಗಬಹುದು ಅಂತ ಹಗಲೂರಾತ್ರಿ ಯೋಚಿಸುವ ನಾನು ಅದೊಂದನ್ನ ಮಾತ್ರ ಯೋಚಿಸಿರಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಮೂವರೂ ಪಡಸಾಲೆಯಲ್ಲಿ ಕೂತಿದ್ದೆವು. ಹುಡುಗನಿಗೆ ಆಗ ಎಂಟು. ನನ್ನ ಮುಖವನ್ನೇ ನೋಡುತ್ತಿದ್ದ. ಏನು ಕೇಳುತ್ತಾನೋ, ಸತ್ತವರು ಎಲ್ಲಿ ಹೋಗುತ್ತಾರೆ ಅಂತ ಕೇಳಿದರೆ ಏನು ಹೇಳಲಿ ಅಂತ ನಾನು ಉತ್ತರ ಜೋಡಿಸುತ್ತಿದ್ದೆ. ಅಂವಾ ಕೇಳಿದ್ದು:

‘ಅಣ್ಣಾ, ನಾಳಿ ಸಾಲಿಗಿ ಡಬ್ಬಿ ಯಾರು ಕಟ್ತಾರ?’

‘ನಾ ಕಟ್ತೀನಿ’ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ನನಗೆ ಚಹಾ ಬಿಟ್ಟರೆ ಏನೂ ಬರುತ್ತಿರಲಿಲ್ಲ.

ಅಲ್ಲಿಂದ ಶುರು. ಅಟ್ಟದ ಹಾಸಿಗೆ ಕೆಳಗೆ ಬಂತು. ನಾನು ಹಿಟ್ಟು ನಾದುವುದು, ಹುಡುಗಿ ಭಕ್ರಿ ಬಡಿಯುವುದು, ಹುಡುಗ ಹಂಚಿನ ಮುಂದೆ ನಿಂತು ‘ಉಬ್ಬಿತು, ಉಬ್ಬಿಲ್ಲ’ ಅಂತ ಕಾಮೆಂಟ್ರಿ ಹೇಳುವುದು. ಉಬ್ಬಿದ್ದು ಅವರಿಗೆ, ಉಬ್ಬದ್ದು ನನಗೆ. ಮೂರು ತಿಂಗಳು ನಾನು ಉಬ್ಬಿದ ಭಕ್ರಿ ತಿನ್ನಲಿಲ್ಲ. ಇದನ್ನ ತ್ಯಾಗ ಅಂತ ತಿಳಿಯಬೇಡಿ, ಉಬ್ಬುತ್ತಿದ್ದುದೇ ಎರಡು.

ಚಿಗವ್ವನ ಅಣ್ಣ, ಅಂದರೆ ಮಕ್ಕಳ ಸೋದರಮಾವ, ಉಮರಗಾದಲ್ಲಿ ಹೈವೇ ಮೇಲೆ ಟೈರಿನ ಅಂಗಡಿ ಇಟ್ಟವರು. ದೊಡ್ಡ ಆಳು, ದೊಡ್ಡ ದನಿ, ತುಂಬಿದ ಮನೆ. ನನ್ನ ಬಾಯಲ್ಲಿ ಅವರು ಬರೀ ‘ಉಮರಗಾದವರು’. ತಂಗಿ ಸತ್ತ ಮೂರನೆಯ ದಿನವೇ ನನ್ನನ್ನ ಬದಿಗೆ ಕರೆದು ಹೇಳಿದ್ದರು: ‘ನೋಡ್ರಿ ಸಾವಕಾರ್ರ, ನೀವು ಒಬ್ಬಂಟಿ. ಮನ್ಯಾಗ ಹೆಣ್ಣುದಿಕ್ಕಿಲ್ಲ. ಹುಡುಗಿ ದೊಡ್ಡಾಕಿ ಆಗ್ಲಿಕತ್ತಾಳ. ಈಗ ಅಳೂ ಮಕ್ಕಳನ್ನ ಎಬ್ಬಿಸಿ ಒಯ್ಯೋದು ಬರೋಬರ ಅಲ್ಲ. ವರ್ಷ ಮುಗೀಲಿ. ಪುಣ್ಯತಿಥಿಗಿ ಬರ್ತೀನಿ, ಆವಾಗ ನೋಡೂಣು.’

ನೋಡೂಣು ಅಂದರೆ ಕರೆದೊಯ್ಯುತ್ತೇನೆ ಅಂತಲೋ, ನೋಡುತ್ತೇನೆ ಅಂತಲೋ? ವರ್ಷವಿಡೀ ಅದೇ ಒಂದು ಶಬ್ದ ತಿರುವಿಹಾಕುತ್ತ ಕೂತೆ. ನಡುವೆ ನಿಲಂಗಾದ ಅತ್ತಿ, ಅಪ್ಪನ ತಂಗಿ, ಫೋನಿನಲ್ಲಿ ಇನ್ನೊಂದು ಬಾಂಬು ಹಾಕಿದಳು: ‘ಹುಡುಗಿ ಉಮರಗಾಕ್ಕ ಹೋಗ್ಲಿ, ಹುಡುಗನ್ನ ನಾ ಇಟಗೊಂತೀನಿ. ನನ್ನ ಮನಿ ಖಾಲಿನೇ ಅದ. ನೀನೂ ಹಗುರಾಗ್ತಿ. ಈ ವಯಸ್ಸಿನಾಗರೆ ಒಂದು ಲಗ್ನದ ವಿಚಾರ ಮಾಡು, ಹುಚ್ಚ.’

ಒಬ್ಬಳು ಉಮರಗಾ, ಒಬ್ಬ ನಿಲಂಗಾ, ನಾನು ಉದಗೀರ. ಮೂರೂ ಕಡೆಗೆ ಬಸ್ಸಿದೆ ಅಂತ ಅತ್ತಿ ಸಮಾಧಾನ ಹೇಳಿದಳು.

ಈಗ ಟೋಪಿಯ ಮಾತು. ನಮ್ಮ ಕಡೆ ದುಃಖ ಆದ ಮನೆಗೆ ತವರಿನವರು ಬಟ್ಟೆ ತಂದು ದುಃಖ ಬಿಡಿಸುವ ಪದ್ಧತಿ. ಹೆಣ್ಣುಮಕ್ಕಳಿಗೆ ಸೀರೆ ಕುಬಸ, ಗಂಡಸರಿಗೆ ಟಾವೆಲ್ ಮತ್ತು ಬಿಳಿಯ ಟೋಪಿ. ಸೋದರಮಾವ ಯಾರ ಹೆಗಲಿಗೆ ಟಾವೆಲ್ ಹೊದಿಸಿ ತಲೆಗೆ ಟೋಪಿ ಇಡುತ್ತಾನೋ, ಇನ್ನು ಮುಂದೆ ಅಂವನೇ ಆ ಮನೆಯ ಹಿರಿಯ. ಕಾಗದ ಬೇಡ, ಸಹಿ ಬೇಡ. ಯಾರ ತಲೆಯ ಮೇಲೆ ಟೋಪಿ ಇದೆ ಅಂತ ನೋಡಿ ಊರು ತಿಳಿದುಕೊಳ್ಳುತ್ತದೆ.

ನನ್ನ ಸ್ವಂತ ಸೋದರಮಾವ ಎಂದೋ ಹೋಗಿದ್ದಾನೆ. ಅಪ್ಪ ತೀರಿಕೊಂಡಾಗ ಉಮರಗಾದವರು ಬಂದರು, ತಮ್ಮ ಅಳಿಯನಿಗೆ, ಅಂದರೆ ಏಳು ವರ್ಷದ ಹುಡುಗನಿಗೆ, ಟೋಪಿ ಇಟ್ಟರು. ಟೋಪಿ ಮೂಗಿನ ತನಕ ಇಳಿಯಿತು. ಅಂವಾ ಒಳಗಿನಿಂದಲೇ, ‘ಮಾಮಾ, ಇದರಾಗ ಏನೂ ಕಾಣಸಂಗಿಲ್ಲ’ ಅಂದ. ನಾನು ನಕ್ಕೆ. ಎಲ್ಲರೂ ನನ್ನ ಕಡೆ ನೋಡಿದರು, ಹಿರಿಯ ಮಗನಿಗೆ ಟೋಪಿ ತಪ್ಪಿದ್ದಕ್ಕೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ನನ್ನ ತಲೆಯ ಮೇಲೆ ಯಾರೂ ಏನೂ ಇಡಲಿಲ್ಲ. ತಪ್ಪೇನಿಲ್ಲ, ನಾನು ಅವರ ತಂಗಿಯ ಮಗನಲ್ಲ. ನಮ್ಮದು ಟಾವೆಲ್, ಟೋಪಿ, ಲುಂಗಿ, ಸಾಲಿಯ ಯೂನಿಫಾರ್ಮ್ ಮಾರುವ ಅಂಗಡಿ. ದಿನಕ್ಕೆ ಹತ್ತು ಮಂದಿಯ ತಲೆಗೆ ಟೋಪಿ ಇಟ್ಟು ಕನ್ನಡಿ ತೋರಿಸುತ್ತೇನೆ. ನನ್ನದು ಬೋಳು.

ಹಾಗಾಗಿ ಪುಣ್ಯತಿಥಿಯ ಹಿಂದಿನ ದಿನ ನಾನೊಂದು ಕೆಲಸ ಮಾಡಿದೆ. ಹೇಳಲು ನಾಚಿಕೆ, ಆದರೆ ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ಅಂಗಡಿಯಿಂದ ಒಂದು ಒಳ್ಳೆಯ ಟಾವೆಲ್, ಒಂದು ಟೋಪಿ ಪೊಟ್ಟಣ ಕಟ್ಟಿ ತಂದು ದೇವರ ಗೂಡಿನಲ್ಲಿ, ವಿಭೂತಿ ಡಬ್ಬಿಯ ಹಿಂದೆ ಇಟ್ಟೆ. ಉಮರಗಾದವರು ಈ ಸಲವೂ ನನಗೆ ತರದಿದ್ದರೆ, ಮಂದಿ ಊಟ ಮುಗಿಸಿ ಮಾಳಿಗೆ ಇಳಿಯುವಾಗ ಗಪ್ಪನೆ ನಾನೇ ಇಟ್ಟುಕೊಂಡುಬಿಡುವುದು. ಗದ್ದಲದಲ್ಲಿ ಯಾರು ಇಟ್ಟರು ಅಂತ ಯಾರು ಕೇಳುತ್ತಾರೆ? ಮಕ್ಕಳು ಹೋದರೂ ಇದ್ದರೂ ಬೋಳುತಲೆಯಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಬೀಗರನ್ನ ಕಳಿಸುವುದು ತಪ್ಪುತ್ತದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಹುಡುಗಿ ನಿಂತಿದ್ದಳು.

‘ಏನದು?’

‘ಕರ್ಪೂರ’ ಅಂದೆ.

ಆಕಿ ಪೊಟ್ಟಣದ ಗಾತ್ರ ನೋಡಿದಳು, ನನ್ನನ್ನ ನೋಡಿದಳು, ಏನೂ ಅನ್ನದೆ ಹೋದಳು. ಹದಿನಾಲ್ಕು ವರ್ಷದ ಹೆಣ್ಣುಮಕ್ಕಳು ಏನೂ ಅನ್ನದೆ ಹೋದರೆ ನನಗೆ ಬಿಪಿ ಏರುತ್ತದೆ.

ಮರುದಿನ ನಳ ಬೆಳಗಿನ ಐದಕ್ಕೇ ಬಂದು ಹೋಯಿತು. ಅಯ್ಯನವರು ಅರ್ಧ ತಾಸು ಮೊದಲೇ ಬಂದರು. ಕರೆಂಟು ಇತ್ತು, ಗಾಳಿ ಇರಲಿಲ್ಲ, ಮೊಳೆ ಗಟ್ಟಿ ಇತ್ತು, ಹೂರಣ ನುಣ್ಣಗಾಗಿತ್ತು. ಒಂದೊಂದೇ ಸರಿಹೋಗುತ್ತ ಬಂದಂತೆ ನನ್ನ ಎದೆ ಹೊಡೆದುಕೊಳ್ಳುವುದು ಹೆಚ್ಚಾಯಿತು. ಇಷ್ಟೆಲ್ಲ ಸುಸೂತ್ರ ನಡೆದರೆ ಕಡೆಗೆ ಉಳಿದದ್ದು ಎಷ್ಟು ದೊಡ್ಡದಿರಬೇಕು?

ಚಿಗವ್ವನ ಫೋಟೋದ ಮುಂದೆ ಎಡೆ ಇಟ್ಟಿದ್ದೆವು. ಹೋಳಿಗೆ, ಕಟ್ಟಿನ ಸಾರು, ಅನ್ನ, ಎಣಗಾಯಿ. ಅದರ ಪಕ್ಕ ಒಂದು ಸ್ಟೀಲಿನ ಕಪ್ಪಿನಲ್ಲಿ ಚಹಾ, ಎರಡು ಟೋಸ್ಟು. ಉಮರಗಾದವರು ಬಂದವರೇ ಕೈಕಾಲು ತೊಳೆದು ನಮಸ್ಕಾರಕ್ಕೆ ಬಗ್ಗಿದರು, ಬಗ್ಗಿದಲ್ಲೇ ನಿಂತರು.

‘ಇದನ್ನ ಯಾರು ಇಟ್ಟಾರ?’

ರಟ್ಟಿನಲ್ಲಿ ಹದಿನಾಲ್ಕನೆಯದು: ಚಹಾ ಟೋಸ್ಟು ನೋಡಿ ಉಮರಗಾದವರಿಗೆ ಸಿಟ್ಟು ಬಂದರೆ? ನಾನು ಬಾಯಿ ತೆರೆಯುವ ಮೊದಲೇ ಹುಡುಗ ಹೇಳಿದ: ‘ನಾ ಇಟ್ಟೀನಿ ಮಾಮಾ. ಅವ್ವ ಮುಂಜಾನೆ ಚಹಾದಾಗ ಅದ್ದಿ ತಿಂತಿದ್ದಳು. ಎರಡು. ಒಂದು ಮುರದು ಚಹಾದಾಗ ಬಿದ್ರ ಮೂರು.’

ಅವರು ಆ ಕಡೆ ಮುಖ ತಿರುಗಿಸಿ ಭಾಳ ಹೊತ್ತು ಗೋಡೆ ನೋಡಿದರು. ಸಿಟ್ಟು ಅಂದುಕೊಂಡೆ. ಯಾವುದು ಸಿಟ್ಟು, ಯಾವುದು ಬೇರೆ ಏನೋ, ನನಗೆ ಆ ದಿನ ಒಂದೂ ಸರಿಯಾಗಿ ಹೊಳೆಯಲಿಲ್ಲ.

ಊಟವಾಯಿತು. ಅಯ್ಯನವರು ದಕ್ಷಿಣೆ ತೆಗೆದುಕೊಂಡು ಹೊರಟರು. ಓಣಿಯವರು ಎಲೆ ಅಡಿಕೆ ಹಾಕಿಕೊಂಡು ಎದ್ದರು. ಪಡಸಾಲೆಯಲ್ಲಿ ಉಳಿದವರು ನಾವಷ್ಟೇ. ಉಮರಗಾದವರು ಚೀಲ ತೆಗೆದು ಮೊದಲು ಬಟ್ಟೆ ಕೊಟ್ಟರು. ಹುಡುಗಿಗೆ ಹಸಿರು ಡ್ರೆಸ್, ಹುಡುಗನಿಗೆ ಪ್ಯಾಂಟು ಶರ್ಟು, ಅತ್ತಿಗೆ ಸೀರೆ. ಚೀಲ ಖಾಲಿಯಾಗಿ ಮಡಿಚಿಕೊಂಡಿತು. ನನ್ನ ಕಣ್ಣು ತಾನಾಗಿ ದೇವರ ಗೂಡಿನ ಕಡೆ ಹೋಯಿತು. ಟೋಪಿ ತರದವರು ಮಕ್ಕಳನ್ನ ಬಿಟ್ಟುಹೋಗಲು ಬಂದವರಲ್ಲ.

ಮಾತು ಅತ್ತಿಯೇ ತೆಗೆದಳು. ‘ಹೇಳಿಬಿಡ್ರಿ ಅಣ್ಣಾರ, ಹೊತ್ತು ಹೋಗ್ತದ. ಹುಡುಗಿ ನಿಮ್ಮ ಕಡಿ, ಹುಡುಗ ನನ್ನ ಕಡಿ. ದೀಪಾವಳಿಗಿ, ಪಂಚಮಿಗಿ ಕೂಡ್ತಾರ. ಇವನ ಕೈಲಿ ಒಂದು ಬೆಕ್ಕೂ ಸಾಕಲಿಕ್ಕ ಆಗಂಗಿಲ್ಲ. ಸಣ್ಣಂವ ಇದ್ದಾಗ ಒಂದು ಗಿಳಿ ತಂದಿದ್ದ, ಹಾವು ಬರ್ತದ ಅಂತ ಅಂಜಿ ಎರಡೇ ದಿನಕ್ಕ ಬಿಟ್ಟುಬಿಟ್ಟ.’

‘ಬೆಕ್ಕಿನ ಅಂಜಿಕಿಗಿ ಅತ್ತಿ’ ಅಂದೆ.

‘ಯಾತರದರೆ ಆಗ್ಲಿ, ಬಿಟ್ಟಿ ಹೌದಿಲ್ಲೋ?’

ಹುಡುಗ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದ. ‘ಅಕ್ಕ ಉಮರಗಾಕ್ಕ ಹೋದ್ರ ಭಕ್ರಿ ಯಾರು ಬಡೀತಾರ?’ ಅಂದ. ಹುಡುಗಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಹೊಸ ಡ್ರೆಸ್ಸಿನ ಪೊಟ್ಟಣ ಇನ್ನೂ ಬಿಚ್ಚಿರಲಿಲ್ಲ.

ಉಮರಗಾದವರು ಅತ್ತಿಗೆ ಕೈ ಅಡ್ಡ ಮಾಡಿ ನನ್ನ ಕಡೆ ತಿರುಗಿದರು. ‘ನೀವು ಹೇಳ್ರಿ ಸಾವಕಾರ್ರ. ನಾ ಅನ್ನೋದು ವರ್ಷದ ಹಿಂದ ಅಂದೀನಿ. ನಿಮ್ಮ ಮನಸಿನಾಗ ಏನದ? ಇಟಗೋಬೇಕಂತೀರೋ, ಕಳಸಬೇಕಂತೀರೋ? ಖುಲ್ಲಾ ಹೇಳ್ರಿ.’

ಇಟ್ಟುಕೊಳ್ಳುತ್ತೇನೆ. ಒಂದೇ ಮಾತು. ವರ್ಷವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಬಾಯಿ ತೆರೆದೆ, ಹೊರಬಂದದ್ದು ಬೇರೆ.

‘ಹುಡುಗಿ ಸಾಲಿ ಹೈವೇ ದಾಟಿ ಹೋಗಬೇಕ್ರಿ. ಕಬ್ಬಿನ ಟ್ರ್ಯಾಕ್ಟರ್ ಶುರು ಆದವಂದ್ರ ಎರಡೆರಡು ಟ್ರಾಲಿ ಹಚ್ಚಿಕೊಂಡು ಬರ್ತಾವ, ಹಿಂದಿನ ಟ್ರಾಲಿ ಓಲಾಡ್ತದ. ಅದಕ್ಕ ನಾನೇ ದಾಟಿಸಿ ಬರ್ತೀನಿ, ಆದ್ರ ಒಂದಿನ ನನಗ ಜ್ವರ ಬಂದ್ರ? ಹುಡುಗಗ ಶೇಂಗಾ ತಿಂದ್ರ ಗಂಟಲ ಕೆರೀತದ, ಅಂವಾ ಹೇಳಂಗಿಲ್ಲ, ಶೇಂಗಾ ಹೋಳಿಗಿ ಆಸೆಕ್ಕ ತಿಂದುಬಿಡ್ತಾನ. ಆಕಿಗಿ ಗಣಿತದ ಮಾಸ್ತರ ಹೆದರಸ್ತಾನ, ಮೊದಲ ರವಿವಾರ ಸಂಜಿಮುಂದ ಹೊಟ್ಟಿ ನೋಯ್ತದ ಅಂತಿದ್ದಳು, ಈಗ ಶನಿವಾರಕ್ಕೇ ಶುರು ಆಗೇದ. ಆಕಿ ದೊಡ್ಡಾಕಿ ಆದಾಗ ನಾ ಏನು ಮಾಡಬೇಕು ನನಗ ತಿಳೀಲಿಲ್ರಿ, ಪಕ್ಕದ ಮನಿ ಕಾಕೂಗ ಕರದು ನಾ ಅಂಗಡ್ಯಾಗ ಹೋಗಿ ಕುಂತೆ, ಹೊಸಾ ಫ್ರಾಕು ತಂದೆ, ಅದು ಎರಡು ನಂಬರ ಸಣ್ಣದಾತು. ಇಂಥಾದ್ದು ಇನ್ನೂ ಎಷ್ಟು ಬರ್ತಾವೋ. ಹುಡುಗ ನಿದ್ದ್ಯಾಗ ಎದ್ದು ಬಾಗಿಲ ತನಕ ನಡೀತಾನ, ಅದಕ್ಕ ನಾ ಬಾಗಿಲಿಗಿ ಅಡ್ಡ ಮಲಗ್ತೀನಿ. ನನಗ ನಲವತ್ನಾಕು. ಅಪ್ಪ ಗಾದಿ ಮ್ಯಾಲೇ ಹೋದ್ರು. ನಾನೂ ಹಂಗ ಹೋದ್ರ ಇವ್ರು ಸಾಲಿಂದ ಬಂದು ಮೊದಲ ನೋಡೋದು ನನ್ನನ್ನೇ...’

ಎಷ್ಟು ಹೊತ್ತು ಮಾತಾಡಿದೆನೋ. ಉಮರಗಾದವರ ಪರವಾಗಿ ವಾದ ಮಾಡಲು ಅವರೇ ವಕೀಲನನ್ನ ಇಟ್ಟಿದ್ದರೂ ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ. ಅತ್ತಿ ಸಹ ಬಾಯಿ ಮುಚ್ಚಿ ಕೂತಿದ್ದಳು. ಹಾಗೆ ಆದದ್ದನ್ನ ನಾನು ನೋಡಿದ್ದು ಅದೇ ಮೊದಲು.

‘ಮುಗೀತೇನು?’

ಬಾಗಿಲಿಂದ ಹುಡುಗಿ. ಮುಖ ಕೆಂಪಗಾಗಿತ್ತು.

‘ಕಳಸೋದಿದ್ರ ಕಳಸಿಬಿಡು ಅಣ್ಣಾ. ಮಂದಿ ಮುಂದ ರಟ್ಟು ಯಾಕ ಓದತಿ?’

ಒಳಗೆ ಹೋದಳು. ಒಳಗೆ ಯಾವುದೋ ಪಾತ್ರೆ ಬಿತ್ತೋ, ಬೀಳಿಸಿದಳೋ. ನಾನು ಅಂದದ್ದು ಇಟ್ಟುಕೊಳ್ಳುತ್ತೇನೆ ಅಂತಲೇ. ಅಥವಾ ಅಲ್ಲವೇ? ಅಂಜಿಕೆಯಿಂದ ಗಿಳಿ ಬಿಟ್ಟ ಹುಡುಗನೇ ಮತ್ತೆ ಪಂಜರದ ಬಾಗಿಲು ತೆಗೆಯುತ್ತಿದ್ದನೇ? ಇವತ್ತು ಬರೆಯುವಾಗಲೂ ಖಚಿತವಾಗಿ ಹೇಳಲಾರೆ. ನಾಲಿಗೆ ಹೊರಳಿದ ಕಡೆಗೆ ಮನಸ್ಸೂ ಹೊರಳಿತ್ತೇ, ಇಲ್ಲವೇ, ತಿಳಿಯದು.

ಉಮರಗಾದವರು ಒಮ್ಮೆ ಮೂಗಿನಿಂದ ಉಸಿರು ಬಿಟ್ಟರು, ಟೈರಿನ ಗಾಳಿ ಬಿಟ್ಟಂತೆ.

‘ನನಗ ನಾಕು ಮಕ್ಕಳು’ ಅಂದರು, ಅತ್ತಿಯ ಕಡೆ ನೋಡಿ. ‘ನನ್ನ ಸಣ್ಣ ಮಗಾ ಎಷ್ಟನೇ ಇಯತ್ತೆದಾಗ ಅದಾನ ಅಂತ ಕೇಳಿದ್ರ, ನಾ ಮನಿಗಿ ಫೋನ್ ಹಚ್ಚಿ ಕೇಳಿ ಹೇಳಬೇಕ್ರಿ. ಯಾರಿಗಿ ಶೇಂಗಾ ತಿಂದ್ರ ಗಂಟಲ ಕೆರೀತದ, ಯಾರಿಗಿ ಯಾವ ಮಾಸ್ತರ ಹೆದರಸ್ತಾನ, ನನಗೇನು ಗೊತ್ತು? ನನ್ನ ಹೆಂಡತಿಗೂ ಗೊತ್ತಿಲ್ಲ. ಅಷ್ಟು ಮಂದ್ಯಾಗ ಯಾರು ನೋಡ್ತಾರ?’ ನನ್ನ ಕಡೆ ತಿರುಗಿದರು. ‘ಇಷ್ಟು ಕಾಳಜಿ ಮಾಡೂ ಹುಚ್ಚ ನನ್ನ ಮನ್ಯಾಗ ಒಬ್ಬನೂ ಇಲ್ಲಪಾ. ಇರ್ಲಿ. ಇಲ್ಲೇ ಇರ್ಲಿ.’

‘ಇಬ್ಬರೂ?’ ಅತ್ತಿ ಕೇಳಿದಳು.

‘ಒಬ್ಬರನ್ನ ಒಯ್ದ್ರ ಆ ಹಂಚಿನ ಮುಂದ ಯಾರು ನಿಂದ್ರಬೇಕು?’

ಅದುವರೆಗೆ ‘ನೀವು, ಸಾವಕಾರ್ರ’ ಅನ್ನುತ್ತಿದ್ದವರು ‘ಪಾ’ ಅಂದದ್ದು ನನಗೆ ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ. ಆ ಕ್ಷಣಕ್ಕೆ ಹೊಳೆದದ್ದು ಒಂದೇ: ಇನ್ನು ಇವರಿಗೆ ಏನಾದರೂ ಆದರೆ ಪೂರಾ ನನ್ನದೇ ಜವಾಬ್ದಾರಿ. ಸಂತೋಷವಾಯಿತೇ ಅಂದರೆ, ಮನಸ್ಸಿನಲ್ಲೇ ಹೊಸ ರಟ್ಟು ಹರಿದು ಒಂದನೆಯ ನಂಬರು ಹಾಕಿದೆ.

ಅವರು ಎದ್ದು ನಿಂತರು. ಅಂಗಿಯ ಜೇಬು ಮುಟ್ಟಿಕೊಂಡರು, ಖಾಲಿ ಚೀಲ ಎತ್ತಿ ಅಲುಗಾಡಿಸಿದರು. ‘ಟಾವೆಲ್ ಟೋಪಿ ಇಡಬೇಕಾಗಿತ್ತು. ಖರೆ ಹೇಳ್ತೀನಿ, ತಂದಿಲ್ಲ. ಮಕ್ಕಳನ್ನ ಕರಕೊಂಡು ಹೋಗೂ ವಿಚಾರದಿಂದನೇ ಬಂದಿದ್ದೆ.’

‘ಟೋಪಿ ಮಾರಾಂವನ ಮನ್ಯಾಗ ಟೋಪಿಗಿ ಬರ ಬಂತೇನು?’ ಅತ್ತಿಗೆ ಮಾತು ವಾಪಸ್ ಬಂದಿತ್ತು. ‘ಅಂಗಡಿ ಕೀಲಿ ಕೊಡು, ನಾ ತರ್ತೀನಿ.’

ಅಷ್ಟರಲ್ಲಿ ಹುಡುಗಿ ಹೊರಬಂದಳು. ಕೈಯಲ್ಲಿ ಪೊಟ್ಟಣ. ಅದರ ಮೇಲೆ ಒಂದಿಷ್ಟು ವಿಭೂತಿ ಹತ್ತಿತ್ತು.

‘ತಗೋರಿ ಮಾಮಾ. ಕರ್ಪೂರ.’

ಭೂಮಿ ಬಾಯಿ ಬಿಡಲಿಲ್ಲ. ರಟ್ಟಿನಲ್ಲಿ ಅದನ್ನ ಬರೆದಿರಲಿಲ್ಲ, ಆದರೂ ಬಿಡಲಿಲ್ಲ. ಉಮರಗಾದವರು ಪೊಟ್ಟಣ ಬಿಚ್ಚಿದರು. ಮಡಿಕೆ ಮುರಿಯದ ಟಾವೆಲ್, ಗರಿಗರಿ ಟೋಪಿ, ಎರಡರ ಮೇಲೂ ವಿಭೂತಿಯ ಪರಿಮಳ. ಒಮ್ಮೆ ದೇವರ ಗೂಡಿನ ಕಡೆ ನೋಡಿದರು, ಒಮ್ಮೆ ನನ್ನ ಕಡೆ. ಎಲ್ಲ ತಿಳಿಯಿತು ಅವರಿಗೆ. ಆ ಮನುಷ್ಯ ಅಲ್ಲಿ ಒಂದು ಮಾತು ಅಂದಿದ್ದರೆ ನಾನು ಮತ್ತೆ ಅಟ್ಟ ಹತ್ತಿ ಇವತ್ತಿಗೂ ಇಳಿಯುತ್ತಿರಲಿಲ್ಲ.

‘ಏಳು ಅಳಿಯಾ. ಮೂಡಕ್ಕ ಮುಖ ಮಾಡು.’

ಎದ್ದೆ. ಮೂಡಣ ಯಾವುದು ಅಂತ ಮರೆತುಹೋಯಿತು, ಹುಡುಗ ಹಿಡಿದು ತಿರುಗಿಸಿದ. ಅವರು ಹೆಗಲ ಮೇಲೆ ಟಾವೆಲ್ ಹೊದಿಸಿದರು, ಹಣೆಗೆ ವಿಭೂತಿ ಹಚ್ಚಿದರು, ಎರಡೂ ಕೈಯಿಂದ ಟೋಪಿ ಇಟ್ಟು ಒತ್ತಿದರು. ಟೈರು ಕೂರಿಸುವ ಕೈ, ಗಟ್ಟಿ ಒತ್ತಿದರು.

‘ಅಣ್ಣಾ, ಕಾಣಸ್ತದೇನು?’ ಹುಡುಗ ಕೇಳಿದ.

‘ಕಾಣಸ್ತದ’ ಅಂದೆ. ಖರೆ ಅಂದರೆ ಆ ಹೊತ್ತಿಗೆ ಏನೂ ಕಾಣಿಸುತ್ತಿರಲಿಲ್ಲ, ಆದರೆ ಅದು ಟೋಪಿಯ ತಪ್ಪಲ್ಲ.

ಕಾಲು ಮುಟ್ಟಲು ಬಗ್ಗಿದೆ. ‘ಮಾಮಾ’ ಅಂದೆ. ಹದಿನಾರು ವರ್ಷದಲ್ಲಿ ಮೊದಲ ಸಲ. ಅವರ ತಂಗಿಯನ್ನ ಚಿಗವ್ವ ಅಂತ ಒಮ್ಮೆಯೂ ಕರೆಯದೆ ಆಕೆಯ ಅಣ್ಣನಿಗೆ ಮಾಮಾ ಅಂದೆ. ಸಾಲು ತಪ್ಪಿ ಬಂದ ಗಿರಾಕಿಯಂತೆ ಆ ಶಬ್ದ ಬಾಯಿಂದ ಬಂತು.

ಎದ್ದು ನಿಂತಾಗ ಹುಡುಗ ನನ್ನ ಮುಖ ನೋಡಿ ಕಿಸಕ್ಕನೆ ನಕ್ಕ. ಸಂತೋಷಕ್ಕೆ ಅಂದುಕೊಂಡೆ. ಹುಡುಗಿ ನೋಡಿದವಳೇ ತುಟಿ ಕಚ್ಚಿಕೊಂಡು ಒಳಗೆ ಓಡಿದಳು. ಅಳು ಅಂದುಕೊಂಡೆ. ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಆಕೆಗೆ ಮೊದಲೇ ಮೋತಿಬಿಂದು, ಕಣ್ಣಿಗೆ ಪೊರೆ. ಮಾಮಾನ ಚಷ್ಮಾ ಜೇಬಿನಲ್ಲಿತ್ತು.

ಸಂಜೆಯ ಮೊದಲೇ ಮಾಮಾ ಹೊರಟರು. ನಾನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಜಾರಿನ ನಡುವಿನಿಂದಲೇ ಹೋದೆ. ಸುತ್ತು ಹಾಕಿ ಹೋಗಬಹುದಿತ್ತು, ಹೋಗಲಿಲ್ಲ. ಮಂದಿ ನೋಡಲಿ. ನೋಡಿದರು ಕೂಡ. ಕಿರಾಣಿ ಅಂಗಡಿಯವ ತಕ್ಕಡಿ ಹಿಡಿದವನು ಹಾಗೇ ನೋಡುತ್ತ ಉಳಿದ. ಎಷ್ಟು ಗೌರವ ಅಂತ ನನಗೇ ಸಂಕೋಚವಾಗಿ ತಲೆ ಇನ್ನಷ್ಟು ನೆಟ್ಟಗೆ ಹಿಡಿದೆ.

ಉಮರಗಾದ ಬಸ್ಸು ನಿಂತಿತ್ತು. ಮಾಮಾ ಹತ್ತಿ ಕಿಟಕಿಯ ಬದಿ ಕೂತರು, ಚಷ್ಮಾ ತೆಗೆದು ಹಾಕಿಕೊಂಡರು. ನನ್ನ ಕಡೆ ನೋಡಿದರು. ಬಸ್ಸು ಅಲುಗಿತು. ಅವರು ಬೆರಳೆತ್ತಿ ತಮ್ಮ ಹಣೆ ಮುಟ್ಟಿಕೊಂಡರು. ಇಷ್ಟು ಹಿರಿಯರು ನನಗೆ ನಮಸ್ಕಾರ ಮಾಡುವುದೆ? ನಾನು ಇನ್ನೂ ಬಗ್ಗಿ ಹಣೆ ಮುಟ್ಟಿಕೊಂಡೆ. ಅವರು ತಲೆಯಲ್ಲಾಡಿಸಿ ಮತ್ತೆ ಹಣೆ ಮುಟ್ಟಿಕೊಂಡರು, ಎರಡೆರಡು ಸಲ. ನಾನೂ ಎರಡೆರಡು ಸಲ. ಬಸ್ಸು ತಿರುವು ದಾಟುವ ತನಕ ಅವರು ಹಣೆ ಬಡಿದುಕೊಳ್ಳುತ್ತಲೇ ಇದ್ದರು, ಜೊತೆಗೆ ಹೊಟ್ಟೆ ಹಿಡಿದು ನಗುತ್ತಿದ್ದರು. ಮನುಷ್ಯ ಮಕ್ಕಳನ್ನ ಬಿಟ್ಟುಹೋಗುವ ದುಃಖಕ್ಕೆ ಹೀಗೂ ಆಗುತ್ತಾನೆ, ನನ್ನ ರೋಗ ಅವರಿಗೂ ಇದೆ ಅಂತ ಸಮಾಧಾನವಾಯಿತು.

ಸ್ಟ್ಯಾಂಡಿನ ಹೊರಗೆ ಪಾನಿನ ಅಂಗಡಿಯವ ನನ್ನ ಹಳೆಯ ಗಿರಾಕಿ. ಸುಣ್ಣ ಹಚ್ಚುತ್ತಿದ್ದ ಕೈ ನಿಲ್ಲಿಸಿ ಮರಾಠಿಯಲ್ಲಿ ಕೇಳಿದ: ‘ಕಾಯ್ ಶೇಟ, ಆಜ್ ಸ್ವತಃಲಾಚ್ ವಿಕಾಯಲಾ ಕಾಢಲಂ ಕಾ?’ ಇವತ್ತು ನಿಮ್ಮನ್ನ ನೀವೇ ಮಾರಾಟಕ್ಕೆ ಇಟ್ಟೀರೇನು?

ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡೆ. ಟೋಪಿಯ ಮುಂದುಗಡೆ, ಸರಿಯಾಗಿ ಹಣೆಯ ನಡುವೆ, ನಮ್ಮ ಅಂಗಡಿಯ ಅಂಟು ಚೀಟಿ. ರವಿವಾರ ರವಿವಾರ ಹುಡುಗಿ ಗಲ್ಲೆಯ ಬದಿ ಕೂತು ಬರೆದು ಅಂಟಿಸುವಂಥದ್ದು. ದುಂಡು ಅಕ್ಷರದಲ್ಲಿ: ‘ಸೈಜ್ ೨೨’.